ಹಿಡಿ ಅಕ್ಕಿ, ಬೊಗಸೆ ಕೆಮ್ಮಣ್ಣು: ಚಿತ್ತಾರಕ್ಕೆ ಖರ್ಚೆಷ್ಟು?

ಸಾಗರ: ಶಾಲೆ ಶುರುವಾಗುವ ದಿನಗಳಲ್ಲಿ ಪುಸ್ತಕದಂಗಡಿಯವರಿಗೆ ಈ ನೋಟ ಹೊಸದಲ್ಲ. ಮಗು ಬಣ್ಣದ ಡಬ್ಬಿಯತ್ತ ಕೈ ತೋರಿಸುತ್ತದೆ. ತಾಯಿ ಬೆಲೆ ಕೇಳುತ್ತಾಳೆ. "ಅದೆಲ್ಲ ಬ್ಯಾಡ ಮಗಾ, ಮೊದ್ಲು ನೋಟ್‌ಬುಕ್ ತಗಳಣ" ಎಂದು ಕೈ ಹಿಡಿದು ಹೊರಡುತ್ತಾಳೆ. ತಾಯಿಯದೇನು ತಪ್ಪು? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ!

ಆದರೆ ಬಣ್ಣದಂಗಡಿಯ ಮೆಟ್ಟಿಲು ಹತ್ತದೆಯೇ ಗೋಡೆ ತುಂಬ ಚಿತ್ತಾರ ಬರೆದವರು ಇದೇ ಸೀಮೆಯಲ್ಲಿದ್ದಾರೆ. ಸಾಗರ, ಸೊರಬ, ಹೊಸನಗರ ಕಡೆಯ ದೀವರ ಹೆಂಗಸರ ಸಾಮಾನು ಪಟ್ಟಿ ನೋಡಿ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದರೆ ಬಿಳಿ. ಅದೇ ಅಕ್ಕಿ ಕರಿಕಾಗುವಂತೆ ಹುರಿದು ಅರೆದರೆ ಕಪ್ಪು. ಗುರಿಗೆ ಬೀಜದಿಂದ ಹಳದಿ. ಕೆಂಪಿಗೆ ಊರ ಕೆಮ್ಮಣ್ಣೇ ಸಾಕು. ಕುಂಚ ಬೇಕೇ? ಪುಂಡಿ ನಾರು ಇದೆ. ಮುಗಿಯಿತು ಲೆಕ್ಕ!

ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆಗೋಡೆ ಚಿತ್ತಾರ ಏಳುತ್ತದೆ. ಅಳತೆ ತಪ್ಪದ ಗೆರೆ, ಚೌಕ, ಮುಕ್ಕೋನ. ಭೂಮಿ ಹುಣ್ಣಿಮೆಗೆ ಇದೇ ಬಣ್ಣ ಬುಟ್ಟಿಯ ಮೈಮೇಲೆ. ಚಿತ್ತಾರದ ಆ ಭೂಮಣ್ಣಿ ಬುಟ್ಟಿಯಲ್ಲೇ ಗದ್ದೆಗೆ ಎಡೆ ಹೋಗುತ್ತದೆ.

ಹಾಗಾದರೆ ಕಷ್ಟವೇನು? ಕಷ್ಟವೆಲ್ಲ ಗೋಡೆಯದು. ಮಣ್ಣಿನ ಗೋಡೆ ಹೋಗಿ ಸಿಮೆಂಟಿನದು ಬಂತು, ಅದರ ಮೇಲೆ ಅಂಗಡಿ ಬಣ್ಣ ಬಂತು. "ಚಂದದ ಗೋಡೆ ಮೇಲೆ ಕೆಮ್ಮಣ್ಣು ಯಾಕೆ ಬಳೀಬೇಕು?" ಎಂಬ ಮಾತೂ ಬಂತು. ಅಕ್ಕಿಯ ಬಣ್ಣ ಬಹಳ ಕಾಲ ನಿಲ್ಲುವಂಥದ್ದಲ್ಲ. ಅಳಿಸಿದಾಗಲೆಲ್ಲ ಮತ್ತೆ ಬರೆಯಬೇಕು. ಹಾಗೆ ಮತ್ತೆ ಮತ್ತೆ ಬರೆದೇ ಅಜ್ಜಿಯ ಕೈಯ ವಿದ್ಯೆ ಮೊಮ್ಮಗಳ ಕೈಗೆ ಇಳಿಯುತ್ತಿತ್ತು. ಬರೆಯುವುದು ನಿಂತರೆ ಗೋಡೆಯ ಗೆರೆಯ ಜೊತೆಗೆ ಕೈಯ ಗೆರೆಯೂ ಅಳಿಯುತ್ತದೆ.

ಸಮಾಧಾನದ ಸಂಗತಿಯೂ ಉಂಟು. ಚಿತ್ತಾರ ಈಗ ಕಾಗದಕ್ಕೂ ಬಟ್ಟೆಗೂ ಇಳಿದಿದೆ, ಕೊಳ್ಳುವವರೂ ಇದ್ದಾರೆ. ಮನೆಯಲ್ಲಿ ಮಕ್ಕಳಿಗೆ ಕಲಿಸಲು ಅಷ್ಟೂ ಬೇಡ. ಕಿರಾಣಿ ಅಂಗಡಿಯವರು ರದ್ದಿಗೆ ಹಾಕುವ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹಾಸಿರಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಕೊಂಚ ಗಂಜಿ ಬೆರೆಸಿ ತೆಳ್ಳಗೆ ಬಳಿಯಿರಿ. ಗಂಜಿ ಬಿದ್ದರೆ ಮಣ್ಣು ಉದುರದೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಗೆರೆ ಎಳೆಯಲಿ. ಮೊದಲ ದಿನ ಸೊಟ್ಟಗಾದೀತು, ಆಗಲಿ ಬಿಡಿ. ರಟ್ಟಿಗೇನು ಕಾಸೇ, ಮಣ್ಣಿಗೇನು ಕಾಸೇ?

ಬಣ್ಣದ ಡಬ್ಬಿ ಬರುವ ವರ್ಷ ಕೊಂಡರಾಯಿತು. ಅಷ್ಟರಲ್ಲಿ ಗೆರೆ ಎಳೆಯಬಲ್ಲ ಅಜ್ಜಿ ಮನೆಯಲ್ಲಿದ್ದರೆ ಮಗುವನ್ನು ಅವರ ಪಕ್ಕ ಕೂರಿಸಿ. ಆ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.