ನಡುನೀರಿನ ಮೀನು

ಕತ್ತಲಲ್ಲಿ ಕೊಟ್ಟಿಗೆಗೆ ಟಾರ್ಚ್ ಹಿಡಿದರೆ ದನದ ಕಣ್ಣು ಹೊಳೆಯುತ್ತದಲ್ಲ, ವಾಲ್‌ಐ ಮೀನಿನ ಕಣ್ಣೂ ಹಾಗೆಯೇ ಹೊಳೆಯುತ್ತದೆ. ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದ್ದು, ಒಳಬಂದ ಬೆಳಕನ್ನು ಅದು ಮತ್ತೆ ಕಣ್ಣಿಗೇ ತಿರುಗಿಸಿ ಕೊಡುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ, ಕದಡಿದ ನೀರಿನಲ್ಲಿ ಬೇಟೆಯಾಡುವ ಮೀನಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ನಡುಹಗಲಿನ ಬಿಸಿಲು ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಉತ್ತರ ಅಮೆರಿಕದ ಸಿಹಿನೀರಿನ ಈ ಮೀನನ್ನು ಒಜಿಬ್ವೆ ಜನ ‘ಓಗಾ’ ಎನ್ನುತ್ತಾರೆ. ಗಾಳದವರನ್ನು ಬಹಳ ವರ್ಷ ದಾರಿ ತಪ್ಪಿಸಿದ್ದೂ ಇದೇ ಕಣ್ಣು. ಬೆಳಕಿಗೆ ಅಂಜುವ ಮೀನು ಹಗಲೆಲ್ಲ ತಳಕ್ಕೆ ಅಂಟಿಕೊಂಡೇ ಇರಬೇಕು ಎಂದು ಅವರು ನಂಬಿದ್ದರು.

ಆ ನಂಬಿಕೆಗೆ ಆಧಾರವೂ ಇತ್ತು. ನಾರ್ತ್ ಕೆರೊಲಿನಾದ ಹಿಕರಿ ಊರಿನ ಬಕ್ ಪೆರಿ 1940ರ ದಶಕದಲ್ಲಿ ಲೋಹದ ಒಂದು ಬಾಗಿದ ಗಾಳ ಮಾಡಿ, ಅದಕ್ಕೆ ಸ್ಪೂನ್‌ಪ್ಲಗ್ ಎಂದು ಹೆಸರಿಟ್ಟ. ದೋಣಿಯ ಹಿಂದೆ ಎಳೆದಾಗ ಅದು ತಳವನ್ನು ತಟ್ಟುತ್ತಾ ಬರುತ್ತಿತ್ತು, ಕುರುಡ ಕೋಲೂರಿಕೊಂಡು ದಾರಿ ಹುಡುಕಿದ ಹಾಗೆ. ಎಲ್ಲಿ ದಿಬ್ಬ, ಎಲ್ಲಿ ಇಳಿಜಾರು, ಎಲ್ಲಿ ಕಲ್ಲುರಾಶಿ ಎಂಬುದು ಕೈಯಲ್ಲಿದ್ದ ಕೋಲಿಗೇ ತಿಳಿಯುತ್ತಿತ್ತು. ಮೀನು ಈ ಏರಿಳಿತಗಳನ್ನು ಹಿಡಿದೇ ಓಡಾಡುತ್ತದೆ ಎಂಬುದು ಪೆರಿ ಕಲಿಸಿದ ಪಾಠ. ಮುಂದೆ ಮಿನೆಸೋಟದ ಲಿಂಡ್ನರ್ ಸೋದರರು ತಳದ ಮೇಲೆ ಜಾರುತ್ತಾ ಹೋಗುವ ಸೀಸದ ತುಂಡಿನ ಗಾಳವನ್ನು ಮಾರುಕಟ್ಟೆಗೆ ತಂದಾಗ ವಾಲ್‌ಐ ಹಿಡಿಯುವ ವಿದ್ಯೆ ತಳದಲ್ಲೇ ಗಟ್ಟಿಯಾಗಿ ಬೇರೂರಿತು. ಪಾಠ ಸುಳ್ಳಲ್ಲ, ಅರ್ಧ ಮಾತ್ರ.

ಉಳಿದರ್ಧವನ್ನು ತೋರಿಸಿದ್ದು ಒಂದು ಪೆಟ್ಟಿಗೆ. 1950ರ ದಶಕದಲ್ಲಿ ಕಾರ್ಲ್ ಲೋರೆನ್ಸ್ ತನ್ನ ಮಕ್ಕಳ ಜೊತೆ ಸರೋವರಗಳಲ್ಲಿ ಮುಳುಗಿ, ಮೀನು ಎಲ್ಲಿರುತ್ತದೆಂದು ಕಣ್ಣಾರೆ ನೋಡತೊಡಗಿದ. ಸರೋವರದ ಬಹುಪಾಲು ನೀರು ಖಾಲಿ, ಮೀನೆಲ್ಲ ಕೆಲವೇ ಕಡೆ ಗುಂಪುಗೂಡಿರುತ್ತದೆ ಎಂಬುದು ಅವರು ಕಂಡ ಸಂಗತಿ. ಆದರೆ ಪ್ರತಿ ಸಲವೂ ಯಾರು ಮುಳುಗಿ ನೋಡುತ್ತಾರೆ? ಯುದ್ಧದ ಹಡಗುಗಳಿಗಾಗಿ ಬೆಳೆದ ಸೋನಾರನ್ನು ಸಣ್ಣ ದೋಣಿಗೆ ಹೊಂದುವಷ್ಟು ಚಿಕ್ಕದು ಮಾಡಿ, ದಶಕದ ಕೊನೆಗೆ ಅವರು ಬ್ಯಾಟರಿಯಿಂದ ನಡೆಯುವ ಒಂದು ಯಂತ್ರವನ್ನು ಮಾರಾಟಕ್ಕಿಟ್ಟರು. ಗಾಳದವರ ಬಾಯಲ್ಲಿ ಅದು ‘ಪುಟ್ಟ ಹಸಿರು ಪೆಟ್ಟಿಗೆ’ ಆಯಿತು. ಒಳಗೆ ಗಿರ್ರನೆ ತಿರುಗುವ ಬಿಲ್ಲೆ, ಅದರ ಅಂಚಿನಲ್ಲಿ ಒಂದು ನಿಯಾನ್ ದೀಪ. ದೋಣಿಯ ಬುಡದಿಂದ ಹೊರಟ ಶಬ್ದ 15 ಮೀಟರ್ ಇಳಿದು ತಳಕ್ಕೆ ಬಡಿದು ವಾಪಸು ಬರಲು ಸೆಕೆಂಡಿನ ಸುಮಾರು 50ನೇ ಒಂದು ಭಾಗ ಸಾಕು. ಅಷ್ಟರಲ್ಲಿ ಬಿಲ್ಲೆ ಎಷ್ಟು ತಿರುಗಿದೆಯೋ ಅಲ್ಲಿ ದೀಪ ಮಿನುಗುತ್ತದೆ. ಸೊನ್ನೆಯಲ್ಲಿ ಒಂದು ಮಿನುಗು, ತಳದ ಆಳದಲ್ಲಿ ಇನ್ನೊಂದು. ಇವೆರಡರ ನಡುವೆ ಒಮ್ಮೊಮ್ಮೆ ತೆಳುವಾಗಿ ಮೂರನೆಯದೊಂದು!

ಆ ಮೂರನೆಯ ಮಿನುಗು ಬಹಳ ಕಾಲ ಅನಾಥವಾಗಿಯೇ ಇತ್ತು. ಪುಡಿಮೀನಿನ ಹಿಂಡಿರಬೇಕು, ಕೆಲಸಕ್ಕೆ ಬಾರದ ಯಾವುದೋ ಮೀನಿರಬೇಕು ಎಂದುಕೊಂಡು ದೋಣಿ ಮುಂದೆ ಹೋಗುತ್ತಿತ್ತು. ಕಣ್ಣೆದುರಿಗಿದ್ದ ಸಾಕ್ಷಿಯನ್ನು ಕಲಿತ ಪಾಠವೇ ಮರೆಮಾಡಿತ್ತು.

ಗುಟ್ಟು ಬಿಟ್ಟುಕೊಟ್ಟ ನೀರುಗಳಲ್ಲಿ ಅಮೆರಿಕ, ಕೆನಡಾ ಗಡಿಯ ಈರಿ ಸರೋವರ ಮುಖ್ಯವಾದದ್ದು. 1970ರಲ್ಲಿ ಈ ಸರೋವರದ ವಾಲ್‌ಐ ಹಿಡಿಯುವುದೇ ನಿಂತುಹೋಗಿತ್ತು. ನಾರ್ವೆಯಿಂದ ಕೆನಡಾಕ್ಕೆ ಓದಲು ಬಂದಿದ್ದ ನಾರ್ವಾಲ್ಡ್ ಫಿಮ್ರೈಟೆ ಆ ಪ್ರದೇಶದ ಮೀನಿನಲ್ಲಿ ಪಾದರಸ ಇರುವುದನ್ನು ಬಯಲು ಮಾಡಿದ್ದ. 1972ರಲ್ಲಿ ಅಮೆರಿಕ, ಕೆನಡಾಗಳ ನಡುವೆ ನೀರಿನ ಗುಣಮಟ್ಟದ ಒಪ್ಪಂದ ಆಯಿತು, ಹಿಡಿಯುವುದಕ್ಕೂ ಮಿತಿ ಬಂತು, ಆ ದಶಕ ಮುಗಿಯುವ ಹೊತ್ತಿಗೆ ಮೀನು ತುಂಬಿಕೊಂಡಿತು. ವಸಂತದಲ್ಲಿ ಮೌಮಿ ನದಿಯಲ್ಲಿ, ಪಶ್ಚಿಮದ ಕಲ್ಲುದಿಬ್ಬಗಳಲ್ಲಿ ಮೊಟ್ಟೆಯಿಟ್ಟ ದೊಡ್ಡ ಮೀನುಗಳು ಬೇಸಿಗೆ ಏರುತ್ತಿದ್ದಂತೆ ಅಲ್ಲಿಂದ ಮಾಯವಾಗುತ್ತಿದ್ದವು. ಸರೋವರದ ಪಶ್ಚಿಮ ಭಾಗ, ಅಂದರೆ ಪಶ್ಚಿಮದ ಪಾತ್ರೆ, ಸರಾಸರಿ 7 ಮೀಟರ್ ಚಿಲ್ಲರೆ ಆಳ, ನೀರು ಬೇಗ ಬಿಸಿಯಾಗುತ್ತದೆ. ಮೂಡಣಕ್ಕೆ ಹೋದರೆ ನಡುವಿನ ಪಾತ್ರೆ, ಸರಾಸರಿ 18 ಮೀಟರ್. ಅದರ ತಳ ಹದ ಮಾಡಿದ ಗದ್ದೆಯಷ್ಟು ಸಪಾಟು. ಪೆರಿಯ ಪಾಠಕ್ಕೆ ಅಲ್ಲಿ ಹಿಡಿದು ಹೋಗಲು ಏರಿಳಿತವೇ ಇಲ್ಲ.

ಮೀನು ತಳ ಬಿಡಲು ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬೇಸಿಗೆಯಲ್ಲಿ ಆ ನೀರು ಎರಡು ಪದರವಾಗಿ ಒಡೆಯುತ್ತದೆ, ಮೇಲೆ ಬೆಚ್ಚಗಿನದು, ಕೆಳಗೆ ತಣ್ಣನೆಯದು. ತಳದ ಪದರ ಕೆಲವೇ ಮೀಟರ್ ದಪ್ಪ. ಸತ್ತ ಪಾಚಿ ಅಲ್ಲಿಗಿಳಿದು ಕೊಳೆಯುವಾಗ ಆ ತೆಳು ಪದರದ ಆಮ್ಲಜನಕವೆಲ್ಲ ತೀರಿಹೋಗುತ್ತದೆ. ಆಗಸ್ಟ್‌, ಸೆಪ್ಟೆಂಬರ್‌ನಲ್ಲಿ ತಳದಲ್ಲಿ ಮೀನು ಉಸಿರಾಡುವುದೇ ಕಷ್ಟ. ಹಾಗಾದರೆ ‘ತಳದ ಮೀನು’ ಎಲ್ಲಿ ಹೋಗಬೇಕು? ಸ್ಮೆಲ್ಟ್, ಶೈನರ್ ಎಂಬ ಬೆಳ್ಳಿಬಣ್ಣದ ಪುಡಿಮೀನುಗಳ ಹಿಂಡನ್ನು ಹಿಂಬಾಲಿಸುತ್ತಾ ನಡುನೀರಿನಲ್ಲಿ ತೇಲುತ್ತದೆ. ಅನಾಥವಾಗಿದ್ದ ಮಿನುಗಿಗೆ 1980ರ ದಶಕದಲ್ಲಿ ಅಲ್ಲಿನ ದೋಣಿಯವರು ಕೊನೆಗೂ ಹೆಸರು ಕೊಟ್ಟರು.

ಕಂಡಿದ್ದಾಯಿತು, ಮುಟ್ಟುವುದು ಹೇಗೆ? ನಮ್ಮ ಕರಾವಳಿಯವರಿಗೆ ಟ್ರಾಲ್ ಬೋಟಿನ ಬಲೆ ಗೊತ್ತು. ಇದು ಅದಲ್ಲ, ಟ್ರೋಲಿಂಗ್. ದೋಣಿ ನಾವು ನಿಧಾನವಾಗಿ ನಡೆಯುವ ವೇಗದಲ್ಲಿ, ಗಂಟೆಗೆ ಸುಮಾರು 3 ಕಿಲೋಮೀಟರ್, ಸಾಗುತ್ತಾ ಹಿಂದೆ ಗಾಳಗಳನ್ನು ಎಳೆಯುತ್ತದೆ. ವಾಲ್‌ಐ ತನಗಿಂತ ಮೇಲಿರುವುದನ್ನು ಏರಿಬಂದು ಹಿಡಿಯುತ್ತದೆ, ಗಾಳ ಕೆಳಗೆ ಹಾದುಹೋದರೆ ತಿರುಗಿಯೂ ನೋಡದಿರಬಹುದು. ಅಂದರೆ 10 ಮೀಟರಿನಲ್ಲಿ ಮೀನಿದ್ದರೆ ಗಾಳ 9ರಲ್ಲಿ ಈಜಬೇಕು. ತಳ ತಟ್ಟಿ ಅಳೆಯುವ ದಾರಿಯಂತೂ ಇಲ್ಲಿಲ್ಲ. ಬೇರೆ ದಾರಿ ಇನ್ನೊಂದು ಮೀನಿನ ಬೇಟೆಯಿಂದ ಬಂತು.

ಮಿಷಿಗನ್‌ನಲ್ಲಿ 1966ರಲ್ಲಿ ಹೊವರ್ಡ್ ಟ್ಯಾನರ್ ಮುಂದಾಳಾಗಿ ಕೋಹೋ ಸಾಲ್ಮನ್ ಮರಿಗಳನ್ನು ಬಿಟ್ಟ ಮೇಲೆ, ಆ ಮೀನಿನ ಹಿಂದೆ ಬಿದ್ದ ದೋಣಿಗಳು ಆಳಕ್ಕೆ ಇಳಿಯುವ ಹತಾರಗಳನ್ನು ರೂಢಿಸಿಕೊಂಡಿದ್ದವು. ಉಕ್ಕಿನ ತಂತಿಗೆ ನಾಲ್ಕೈದು ಕಿಲೋ ತೂಕದ ಗುಂಡು ಕಟ್ಟಿ ಇಳಿಸುವ ಡೌನ್‌ರಿಗರ್ ಅವುಗಳಲ್ಲಿ ಒಂದು. ಒಳಗೆ ಸೀಸದ ಎಳೆಯಿರುವ ದಾರ ಇನ್ನೊಂದು. ಅದು ಸುಮಾರು 9 ಮೀಟರಿಗೊಮ್ಮೆ ಬಣ್ಣ ಬದಲಿಸುತ್ತದೆ. ಒಂದು ಬಣ್ಣ ಬಿಟ್ಟರೆ ಗಾಳ ಹೆಚ್ಚುಕಡಿಮೆ ಒಂದೂವರೆ ಮೀಟರ್ ಇಳಿಯುತ್ತದೆ ಎಂಬುದು ಅವರ ಬಾಯಿಲೆಕ್ಕ. ‘ಆರು ಬಣ್ಣಕ್ಕೆ ಸಿಕ್ಕಿತು’ ಎಂದರೆ ಪಕ್ಕದ ದೋಣಿಯವನಿಗೆ ಆಳ ತಿಳಿಯಿತು.

ನನಗೆ ಬಹಳ ಇಷ್ಟವಾದದ್ದು ಪ್ಲೇನರ್ ಬೋರ್ಡ್. ಒಂದು ತುಂಡು ಹಲಗೆ, ಅಷ್ಟೆ. ದಾರಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟರೆ, ಗಾಳಿಪಟ ಗಾಳಿಗೆ ಓರೆಯಾಗಿ ಏರುವಂತೆ, ನೀರಿನ ಒತ್ತಡಕ್ಕೆ ಓರೆಯಾಗಿ ದೋಣಿಯಿಂದ ಹತ್ತಾರು ಮೀಟರ್ ದೂರಕ್ಕೆ ಸರಿದು ನಿಲ್ಲುತ್ತದೆ. ಇದರಿಂದ ಇನ್ನೊಂದು ವಿಷಯ ಹೊರಬಿತ್ತು. ಸೋನಾರಿನ ಶಬ್ದ ಕಹಳೆಯ ಬಾಯಿಯಂತೆ ಕೆಳಗೆ ಹೋದಷ್ಟೂ ಅಗಲವಾಗುತ್ತದೆ. 20 ಡಿಗ್ರಿ ಕೋನದ ಶಬ್ದ 3 ಮೀಟರ್ ಆಳದಲ್ಲಿ ಹರಡುವುದು ಒಂದೇ ಮೀಟರ್ ಅಗಲ. ಮೇಲ್ನೀರಿನ ಮೀನು ಅದರಲ್ಲಿ ಸಿಗುವುದೇ ಅಪರೂಪ, ಎಂಜಿನ್ ಸದ್ದಿಗೆ ಪಕ್ಕಕ್ಕೂ ಸರಿದಿರುತ್ತದೆ. ಪೆಟ್ಟಿಗೆ ಖಾಲಿ ತೋರಿಸುತ್ತಿದ್ದ ನೀರಿನಲ್ಲಿ ಹಲಗೆಗೆ ಕಟ್ಟಿದ ಗಾಳ ಜಗ್ಗುತ್ತಿತ್ತು! ಮೀನನ್ನು ತೋರಿಸಿದ ಯಂತ್ರ ಕಾಣದೆ ಬಿಟ್ಟದ್ದನ್ನು ಹಲಗೆಯ ತುಂಡು ಕಂಡಿತು.

ಉಳಿದದ್ದು ಮೂತಿಗೆ ಪ್ಲಾಸ್ಟಿಕ್ ತುಟಿಯಿರುವ ಕ್ರ್ಯಾಂಕ್‌ಬೈಟ್ ಎಂಬ ಬೊಂಬೆಮೀನಿನ ಲೆಕ್ಕ. ಎಳೆದಷ್ಟೂ ಆ ತುಟಿ ಅದನ್ನು ಕೆಳಕ್ಕೆ ತಳ್ಳುತ್ತದೆ. ದಾರ ತೆಳುವಾದರೆ ಹೆಚ್ಚು ಇಳಿಯುತ್ತದೆ, ದಪ್ಪವಾದರೆ ಕಡಿಮೆ. ಒಂದು ಹಂತ ದಾಟಿದರೆ ದಾರದ ಜಗ್ಗುವಿಕೆಯೇ ಅದನ್ನು ತಡೆಯುತ್ತದೆ, ಇನ್ನೆಷ್ಟು ಬಿಟ್ಟರೂ ಇಳಿಯುವುದಿಲ್ಲ. 1990ರ ದಶಕದಲ್ಲಿ ಮಾರ್ಕ್ ರೊಮಾನಾಕ್ ಮತ್ತು ಸಂಗಡಿಗರು ಬೊಂಬೆಮೀನುಗಳನ್ನು ಒಂದೊಂದಾಗಿ ಅಳೆದು, ಎಷ್ಟು ದಾರಕ್ಕೆ ಎಷ್ಟು ಆಳ ಎಂಬ ಪಟ್ಟಿಯನ್ನು ಪುಸ್ತಕ ಮಾಡಿದರು. ಅಳೆಯಲು ಮುಳುಗುಗಾರರು ನೀರಿಗಿಳಿದರು. ಲೋರೆನ್ಸ್ ಮೀನು ಹುಡುಕಲು ಇಳಿದಿದ್ದ, ಇವರು ಗಾಳ ಹುಡುಕಲು.

ಈಗ ಮೀನೇ ತನ್ನ ದಾರಿ ಹೇಳುತ್ತಿದೆ. 2010ರ ನಂತರ ವಿಜ್ಞಾನಿಗಳು ವಾಲ್‌ಐ ಹೊಟ್ಟೆಯೊಳಗೆ ಬೆರಳುದ್ದದ ಪ್ರೇಷಕಗಳನ್ನಿಟ್ಟು ಹೊಲಿದು ಬಿಡುತ್ತಿದ್ದಾರೆ. ಪ್ರತಿ ಮೀನಿಗೂ ಅದರದ್ದೇ ಶಬ್ದದ ಗುರುತು, ಅದನ್ನು ಆಲಿಸಲು ಸರೋವರದ ತಳದಲ್ಲಿ ಕಿವಿಗಳಂತೆ ಕೂತ ಗ್ರಾಹಕಗಳು. ಏಪ್ರಿಲ್‌ನಲ್ಲಿ ಮೌಮಿಯಲ್ಲಿ ಮೊಟ್ಟೆಯಿಟ್ಟ ಹೆಣ್ಣು ಸಪಾಟು ತಳದ ನಡುಪಾತ್ರೆ ದಾಟಿ, ಕೆಲವೊಮ್ಮೆ ನ್ಯೂಯಾರ್ಕ್ ದಡದ ಆಳದ ನೀರಿನವರೆಗೂ ಹೋಗುತ್ತದೆ. ಮುಂದಿನ ವಸಂತದಲ್ಲಿ ಹಿಮ ಕರಗಿ ನದಿ ಕೆಂಪಾಗುವ ಹೊತ್ತಿಗೆ ಮೌಮಿಯ ಬಾಯಿಯಲ್ಲಿ ಅದೇ ಗುರುತು ಮತ್ತೆ ಕೇಳಿಸುತ್ತದೆ.