ಖಾಲಿ ಕೋಟ್ಸ್ ಎಲ್ಲಿ ಮಾಯವಾಯ್ತು?

ಮೊನ್ನೆ ಒಂದು ರಾತ್ರಿ ನನ್ನ ತಲೆ ಪೂರ್ತಿ ಕೆಟ್ಟುಹೋಗಿತ್ತು. ಎಪಿಸೋಡ್ ರೆಡಿಯಾದ ಕೂಡಲೇ ಆಡಿಯೋ ತಾನಾಗೇ ಸರ್ವರ್‌ಗೆ ಹೋಗಲಿ ಅಂತ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಅದಕ್ಕೆ ಪಾಸ್‌ಫ್ರೇಸ್ ಇಲ್ಲದ ಎಸ್‌ಎಸ್‌ಎಚ್ ಕೀ ಬೇಕು. (ಅಂಥ ಫೈಲ್ ಬೇರೆಯವರ ಕೈಗೆ ಸಿಕ್ಕರೆ ಬಾಗಿಲು ತೆರೆದಂತೆಯೇ, ಹುಷಾರು.) ವಿಂಡೋಸ್ ಪವರ್‌ಶೆಲ್‌ನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಓಡಿಸಿದೆ. ಪಾಸ್‌ಫ್ರೇಸ್ ತಗೊಳ್ಳೋ ಹೈಫನ್-ಎನ್ ಆಪ್ಷನ್ ಆದಮೇಲೆ ಖಾಲಿ ಡಬಲ್ ಕೋಟ್ಸ್ ಹಾಕಿದೆ. ಕೊನೆಗೆ, ಸದ್ದಿಲ್ಲದೆ ಕೆಲಸ ಮುಗಿಸು ಅನ್ನೋ ಹೈಫನ್-ಕ್ಯೂ.

ಎರರ್ ಬರಲಿಲ್ಲ, ಕೀ ಬಂತು. ಆದ್ರೆ ಸ್ಕ್ರಿಪ್ಟ್ ಓಡಿಸಿದ್ರೆ ಪಾಸ್‌ಫ್ರೇಸ್ ಕೊಡಿ ಅಂತ ಕೇಳ್ತಾ ಕೂತಿದೆ! ಬರೀ ಎಂಟರ್ ಒತ್ತಿದ್ರೆ ಒಪ್ಪಲ್ಲ. ಕೊನೆಗೆ ಗೊತ್ತಾಯ್ತು: ನನ್ನ ಕೀಯ ಪಾಸ್‌ಫ್ರೇಸ್ 'ಹೈಫನ್ ಕ್ಯೂ' ಅನ್ನೋ ಆ ಎರಡು ಅಕ್ಷರಗಳೇ.

ಹೇಗೆ ಅಂದ್ರೆ, ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮ್‌ಗೆ ಆರ್ಗ್ಯುಮೆಂಟ್‌ಗಳು ಬಿಡಿಬಿಡಿಯಾಗಿ ಹೋಗುತ್ತವೆ, ಡಬ್ಬಿಗಳನ್ನು ಸಾಲಾಗಿ ಇಟ್ಟ ಹಾಗೆ. ಖಾಲಿ ಡಬ್ಬಿಯೂ ಒಂದು ಡಬ್ಬಿಯೇ. ವಿಂಡೋಸ್‌ನಲ್ಲಿ ಹಾಗಲ್ಲ. ಎಲ್ಲವನ್ನೂ ಒಂದೇ ಉದ್ದನೆಯ ಸಾಲಾಗಿ ಜೋಡಿಸಿ ಕಳಿಸಬೇಕು, ಆ ಕಡೆಯ ಪ್ರೋಗ್ರಾಮ್ ಅದನ್ನು ಮತ್ತೆ ಒಡೆದುಕೊಳ್ಳುತ್ತದೆ. ಹಳೇ ಪವರ್‌ಶೆಲ್ ಈ ಸಾಲು ಜೋಡಿಸುವಾಗ, ಸ್ಪೇಸ್ ಇರೋ ಪದಕ್ಕೆ ಮಾತ್ರ ಕೋಟ್ಸ್ ಹಾಕುತ್ತೆ. ಖಾಲಿ ಪದದಲ್ಲಿ ಸ್ಪೇಸ್ ಎಲ್ಲಿಂದ ಬರಬೇಕು? ಹಾಗಾಗಿ ನಾನು ಹಾಕಿದ್ದ ಕೋಟ್ಸ್ ಉದುರಿಹೋಗಿ, ಹೈಫನ್-ಎನ್ ತನ್ನ ಪಕ್ಕದಲ್ಲಿದ್ದ ಹೈಫನ್-ಕ್ಯೂ ಅನ್ನೇ ನುಂಗಿತು. ಲೆಕ್ಕಪತ್ರದಲ್ಲಿ ಸೊನ್ನೆ ಬರೆದ ಸಾಲು ಬೇರೆ, ಸಾಲೇ ಇಲ್ಲದಿರೋದು ಬೇರೆ ಅಲ್ವಾ? ಪವರ್‌ಶೆಲ್ ನನ್ನ ಸೊನ್ನೆ ಸಾಲನ್ನೇ ಅಳಿಸಿಬಿಟ್ಟಿತ್ತು.

ವಿಂಡೋಸ್ ಜೊತೆಗೆ ಬರೋ 5.1 ಆವೃತ್ತಿಯಲ್ಲಿ ಉಪಾಯ ಇದೆ: ಡಬಲ್ ಕೋಟ್ಸ್ ಜೋಡಿಯ ಸುತ್ತ ಸಿಂಗಲ್ ಕೋಟ್ಸ್ ಹಾಕಿ. ಆದ್ರೆ ಇದನ್ನ ಕಣ್ಣು ಮುಚ್ಚಿ ಕಾಪಿ ಮಾಡಬೇಡಿ. ಪವರ್‌ಶೆಲ್ 7.3ರಲ್ಲಿ ಈ ದೋಷ ಸರಿಯಾಗಿದೆ, ಅಲ್ಲಿ ಬರೀ ಖಾಲಿ ಕೋಟ್ಸ್ ಸಾಕು. ಅಲ್ಲೂ ಹಳೇ ಉಪಾಯ ಹಾಕಿದ್ರೆ, ಎರಡು ಕೋಟ್ ಚಿಹ್ನೆಗಳೇ ನಿಮ್ಮ ಪಾಸ್‌ಫ್ರೇಸ್ ಆಗಿ ಹೋಗುತ್ತವೆ! ಮೊದಲು ಆವೃತ್ತಿ ನೋಡಿಕೊಳ್ಳಿ. ಕೀ ಮಾಡಿದ ಮೇಲೆ ಎಸ್‌ಎಸ್‌ಎಚ್-ಕೀಜೆನ್ ಅನ್ನು ಹೈಫನ್-ವೈ, ಹೈಫನ್-ಎಫ್ ಮತ್ತು ಫೈಲ್ ಹೆಸರು ಕೊಟ್ಟು ಓಡಿಸಿ. ಪಾಸ್‌ಫ್ರೇಸ್ ಕೇಳಿದ್ರೆ ಕೀ ಖಾಲಿ ಅಲ್ಲ ಅಂತ ಅರ್ಥ.

ಫೋನ್‌ನಲ್ಲಿ ಟರ್ಮಕ್ಸ್ ಬಳಸೋರು ನಗಬೇಡಿ. ಬ್ಯಾಶ್‌ನಲ್ಲಿ ಖಾಲಿ ಕೋಟ್ಸ್ ಸರಿಯಾಗಿಯೇ ತಲುಪುತ್ತೆ, ನಿಜ. ಆದ್ರೆ ಖಾಲಿ ವೇರಿಯಬಲ್ ಅನ್ನು ಕೋಟ್ಸ್ ಇಲ್ಲದೆ ಬರೆದ್ರೆ ಅದೂ ಮಾಯ. ಗ್ರೆಪ್‌ಗೆ ಹುಡುಕೋ ಪದ ಹೀಗೆ ಕಾಣೆಯಾದ್ರೆ, ಫೈಲ್ ಹೆಸರನ್ನೇ ಹುಡುಕೋ ಪದ ಅಂದುಕೊಂಡು ನೀವು ಟೈಪ್ ಮಾಡ್ತೀರಿ ಅಂತ ಕಾಯ್ತಾ ಕೂರುತ್ತೆ. ಹ್ಯಾಂಗ್ ಆಯ್ತು ಅಂತ ಫೋನ್ ರೀಸ್ಟಾರ್ಟ್ ಮಾಡೋ ಮೊದಲು, ಡಾಲರ್ ಚಿಹ್ನೆಯ ಆ ವೇರಿಯಬಲ್ ಸುತ್ತ ಡಬಲ್ ಕೋಟ್ಸ್ ಇದೆಯಾ ನೋಡಿ.