ಹೃದಯ ನಿಂತ ಗಳಿಗೆಯ ಕಾಯಕ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ನೆಲ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಕಳುಹಿಸಿದ ಕಥೆಯನ್ನು ನಮ್ಮ ಭಾಗದ ಮಕ್ಕಳೂ ಬಲ್ಲರು. ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ, ಅಳತೆಯ ಅರಿವೂ ಹೌದು ಎಂಬುದನ್ನು ಆ ತಾಯಿ ಕಲಿಸಿದರು. ಅಳತೆ ಒಂದಿಷ್ಟು ತಪ್ಪಿದರೂ ಒಂದು ಜೀವವೇ ಹೋಗಬಹುದಾದ ಕಾಯಕವೊಂದು ಈ ಕಾಲದಲ್ಲಿದೆ. ಅದನ್ನು ಕುರಿತು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಶರಣ ಬಂಧುಗಳೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಯಂತ್ರದ ಮುಂದೆ ಕುಳಿತವರು

ಹೃದಯವನ್ನು ತೆರೆದು ಕವಾಟವನ್ನು ಬದಲಿಸುವಾಗ ಅಥವಾ ಹುಟ್ಟಿನಿಂದ ಬಂದ ರಂಧ್ರವನ್ನು ಮುಚ್ಚುವಾಗ, ಸಾಮಾನ್ಯವಾಗಿ ವೈದ್ಯರು ಹೃದಯದ ಬಡಿತವನ್ನು ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ದೇಹದ ರಕ್ತವು ಕೊಳವೆಗಳ ಮೂಲಕ ಹೊರಬಂದು, ಒಂದು ಯಂತ್ರದಲ್ಲಿ ಆಮ್ಲಜನಕವನ್ನು ಪಡೆದು, ತಕ್ಕ ಉಷ್ಣತೆಗೆ ಬಂದು ಮರಳಿ ದೇಹವನ್ನು ಸೇರುತ್ತದೆ. ಇದೇ ಹೃದಯ-ಶ್ವಾಸಕೋಶ ಯಂತ್ರ. ಅದನ್ನು ನಡೆಸುವವರೇ ಪರ್ಫ್ಯೂಷನಿಸ್ಟರು.

ರಕ್ತವು ಕೊಳವೆಯಲ್ಲಿ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧವನ್ನು ಕೊಡುತ್ತಾರೆ. ಹೆಪ್ಪುಗಟ್ಟುವ ಅವಧಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ, ಅದು ಸಾಮಾನ್ಯವಾಗಿ 480 ಸೆಕೆಂಡುಗಳಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ವಯಸ್ಕರ ದೇಹಕ್ಕೆ ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತವನ್ನು ಹರಿಸಬೇಕು. ಕೊಳವೆಯೊಳಗೆ ಗಾಳಿಯ ಗುಳ್ಳೆ ನುಸುಳಿ ಮಿದುಳನ್ನು ಸೇರಿದರೆ ಅನಾಹುತವೇ ಸರಿ. ಶಸ್ತ್ರಚಿಕಿತ್ಸೆ ಮುಗಿದು ಹೃದಯ ಮರಳಿ ಬಡಿಯತೊಡಗಿದಾಗ ಮನೆಯವರು ಶಸ್ತ್ರವೈದ್ಯರಿಗೆ ಕೈಮುಗಿಯುತ್ತಾರೆ. ಯಂತ್ರದ ಮುಂದೆ ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ಕುಳಿತವರ ಹೆಸರು ಯಾರಿಗೂ ತಿಳಿಯುವುದಿಲ್ಲ.

ಈ ಯಂತ್ರದ ನೆರವಿನಿಂದ ಮೊದಲ ಯಶಸ್ವಿ ತೆರೆದ ಹೃದಯ ಶಸ್ತ್ರಚಿಕಿತ್ಸೆಯನ್ನು ಮಾಡಿದವರು ಅಮೆರಿಕದ ಫಿಲಡೆಲ್ಫಿಯಾ ನಗರದ ಡಾ. ಜಾನ್ ಗಿಬ್ಬನ್. ಅದು 1953ರ ಮೇ 6. ಹೃದಯದ ಗೋಡೆಯಲ್ಲಿ ರಂಧ್ರವಿದ್ದ 18 ವರ್ಷದ ಯುವತಿಯೊಬ್ಬಳು ಅಂದು ಬದುಕಿದಳು. ಆ ಯಂತ್ರವನ್ನು ರೂಪಿಸುವಲ್ಲಿ ಅವರ ಪತ್ನಿ ಮೇರಿ ಗಿಬ್ಬನ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಜೊತೆಗೂಡಿ ದುಡಿದಿದ್ದರು. ಮಾರಯ್ಯ-ಲಕ್ಕಮ್ಮರ ನಾಡಿನವರಾದ ನಮಗೆ ಸತಿಪತಿಗಳು ಕೂಡಿ ನಡೆಸಿದ ಈ ಕಾಯಕ ಆಪ್ತವೆನಿಸುವುದು ಸಹಜ.

ನಾವು ತಪ್ಪುವುದೆಲ್ಲಿ?

ನಮ್ಮ ಮನೆಗಳಲ್ಲಿ ಮಗ ಅಥವಾ ಮಗಳು ವಿಜ್ಞಾನ ವಿಭಾಗ ಸೇರಿದೊಡನೆ ಒಂದೇ ಮಾತು: ಡಾಕ್ಟರಾಗಬೇಕು. ವೈದ್ಯಕೀಯ ಸೀಟು ಸಿಗದಿದ್ದರೆ ಮನೆಯೇ ಮಂಕಾಗುತ್ತದೆ. ಆಗ ಯಾವುದೋ ಒಂದು ಬಿ.ಎಸ್‌ಸಿ. ಪದವಿಗೆ ಸೇರಿಸಿ, ಮುಂದಿನದನ್ನು ಮುಂದೆ ನೋಡೋಣವೆನ್ನುತ್ತೇವೆ. ಇಂಥ ಹಲವು ಮನೆಗಳನ್ನು ನಾವು ಕಂಡಿದ್ದೇವೆ. ಮೂರು ವರ್ಷಗಳ ನಂತರ ಪರ್ಫ್ಯೂಷನ್ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಹೊರಟಾಗ ಬಾಗಿಲು ಮುಚ್ಚಿರುವುದು ತಿಳಿಯುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎರಡು ವರ್ಷಗಳ ಎಂ.ಎಸ್‌ಸಿ. ಪರ್ಫ್ಯೂಷನ್ ಟೆಕ್ನಾಲಜಿಗೆ ಅದೇ ವಿಷಯದ ಬಿ.ಎಸ್‌ಸಿ. ಬೇಕು. ಸಾಮಾನ್ಯ ಬಿ.ಎಸ್‌ಸಿ. ಸಾಲದು.

ಆದ್ದರಿಂದ ಸ್ನಾತಕೋತ್ತರ ಅರ್ಜಿಯ ನಿರ್ಧಾರವನ್ನು ಪಿ.ಯು.ಸಿ. ಮುಗಿದಾಗಲೇ ಮಾಡಬೇಕಾಗುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳನ್ನು ಓದಿದವರು ಬಿ.ಎಸ್‌ಸಿ. ಪರ್ಫ್ಯೂಷನ್ ಟೆಕ್ನಾಲಜಿಗೆ ಅರ್ಜಿ ಸಲ್ಲಿಸಬಹುದು. ಮೂರು ವರ್ಷಗಳ ಪಾಠ, ಅನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಷಿಪ್. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯಂಥ ದೊಡ್ಡ ಸರ್ಕಾರಿ ಸಂಸ್ಥೆಯಲ್ಲಿಯೂ ಈ ಶಿಕ್ಷಣವುಂಟು. ಇನ್ನೊಂದು ದಾರಿಯೂ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಪದವಿಯ ನಂತರದ ಎರಡು ವರ್ಷಗಳ ಡಿಪ್ಲೊಮಾವನ್ನು ಕೊಡುತ್ತದೆ. ಅದಕ್ಕೆ ಅರ್ಹತೆ ಮತ್ತು ಆಯ್ಕೆಯ ಕ್ರಮ ಬೇರೆ. ಯಾವ ಸಂಸ್ಥೆಯೇ ಆಗಲಿ, ಆಯಾ ವರ್ಷದ ಪ್ರಕಟಣೆಯನ್ನು ತಾವೇ ಓದಬೇಕು. ಇನ್ನೊಬ್ಬರ ಬಾಯಿಮಾತನ್ನು ನಂಬಬಾರದು.

ಅರ್ಜಿಯ ಸಿದ್ಧತೆ

ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಆಸರೆಯಿದೆ. 2013ರ ಆದೇಶದಂತೆ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಇತರೆಡೆಯ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಸಹಾಯಕ ಆಯುಕ್ತರು. ಅವರ ಕಚೇರಿ ಲಿಂಗಸುಗೂರಿನಲ್ಲಿಯೇ ಇದೆ. ಫಲಿತಾಂಶ ಬಂದ ಮೇಲೆ ಓಡಾಡುವ ಬದಲು ಪಿ.ಯು.ಸಿ. ಎರಡನೆಯ ವರ್ಷದಲ್ಲಿಯೇ ಇದನ್ನು ಮಾಡಿಸಿಟ್ಟುಕೊಳ್ಳುವುದು ಜಾಣತನ.

ಇಂಟರ್ನ್‌ಷಿಪ್ ವರ್ಷದಲ್ಲಿ ವಿದ್ಯಾರ್ಥಿಯು ದಿನಚರಿ ಪುಸ್ತಕವನ್ನು ಪ್ರಾಮಾಣಿಕವಾಗಿ ಬರೆಯಬೇಕು. ಎಷ್ಟು ಶಸ್ತ್ರಚಿಕಿತ್ಸೆಗಳನ್ನು ನೋಡಿದೆ, ಎಷ್ಟರಲ್ಲಿ ಕೈಜೋಡಿಸಿದೆ, ಎಷ್ಟನ್ನು ಹಿರಿಯರ ಕಣ್ಣಮುಂದೆ ತಾನೇ ನಡೆಸಿದೆ ಎಂಬ ಲೆಕ್ಕ ಅದರಲ್ಲಿರಬೇಕು. ಆಯ್ಕೆಯ ಸಂದರ್ಶನದಲ್ಲಿ ಅಂಕಪಟ್ಟಿಯು ವಿದ್ಯಾರ್ಥಿಯ ಓದನ್ನು ತೋರಿಸುತ್ತದೆ. ಈ ಪುಸ್ತಕವು ಅವನ ಕೈಯನ್ನು ತೋರಿಸುತ್ತದೆ. ನೋಡದ್ದನ್ನು ಮಾಡಿದೆನೆಂದು ಬರೆದವನು ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ.

ಇದಕ್ಕಿಂತ ಮೊದಲು ಇನ್ನೊಂದು ಪರೀಕ್ಷೆಯಿದೆ. ರಕ್ತವನ್ನು ಕಂಡರೆ ಮಗುವಿಗೆ ತಲೆ ಸುತ್ತುವುದೇ? ನಡುರಾತ್ರಿ ಕರೆ ಬಂದರೆ ಎದ್ದು ಹೋಗಬಲ್ಲದೇ? ತುರ್ತಿನಲ್ಲಿ ಮನಸ್ಸು ನಿಲ್ಲುವುದೇ? ಸೇರುವ ಮುನ್ನ ಈ ಕೆಲಸದಲ್ಲಿರುವವರನ್ನು ಒಮ್ಮೆ ಕಂಡು ಮಾತನಾಡಿಸಿ, ಮಗುವೇ ಉತ್ತರ ಕಂಡುಕೊಳ್ಳಲಿ. ಅಪ್ಪ-ಅಮ್ಮಂದಿರು ಅದರ ಪರವಾಗಿ ಉತ್ತರಿಸುವುದು ಬೇಡ.

ಪರದೇಶದ ಮಾತು

ಅಮೆರಿಕಕ್ಕೆ ಹೋಗುವ ಆಸೆ ಹಲವರಿಗಿದೆ. ಆಸೆ ತಪ್ಪಲ್ಲ. ಆದರೆ ಅಲ್ಲಿಯ ವೃತ್ತಿ ಮಂಡಳಿಯ ಪರೀಕ್ಷೆಗೆ ಕುಳಿತುಕೊಳ್ಳಲು ಅಲ್ಲಿಯೇ ಮಾನ್ಯತೆ ಪಡೆದ ಪರ್ಫ್ಯೂಷನ್ ಶಾಲೆಯಲ್ಲಿ ಓದಿ ಮುಗಿಸಿರಬೇಕು. ಇಲ್ಲಿಯ ಪದವಿಯೊಂದೇ ಅದಕ್ಕೆ ಸಾಲುವುದಿಲ್ಲ. ಅಲ್ಲಿಯ ಶಾಲೆಗಳು ಬೇರೆ ವಿಷಯಗಳ ಪದವೀಧರರನ್ನೂ ಪರಿಗಣಿಸುವುದುಂಟು. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳ ಅಭ್ಯಾಸ, ಗುರುಗಳ ಶಿಫಾರಸು ಪತ್ರಗಳು ಮತ್ತು ಇಂಗ್ಲಿಷ್ ಪರೀಕ್ಷೆಯ ಅಂಕಗಳನ್ನು ಕೇಳುತ್ತವೆ. ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ನೋಡಿದ ಅನುಭವವನ್ನು ಕೇಳುವ ಶಾಲೆಗಳೂ ಉಂಟು. ಸೀಟುಗಳು ಕೆಲವೇ, ಶುಲ್ಕ ಭಾರಿ. ಸೀಟು ಕೊಡಿಸುತ್ತೇನೆಂದು ಮುಂಗಡ ಕೇಳುವವರ ಮಾತಿಗೆ ಮರುಳಾಗಿ ಹೊಲವನ್ನು ಅಡವಿಡಬೇಡಿ. ಬೆಂಗಳೂರಿನ ಸೀಟಿಗೂ ಇದೇ ಮಾತು ಸಲ್ಲುತ್ತದೆ.

ಸಮಾಜದ ಪಾಲು

ಗಂಟಲುನೋವನ್ನು ಅಲಕ್ಷಿಸಿದ ಮಕ್ಕಳಲ್ಲಿ ಕೆಲವರಿಗೆ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಬಡವರ ಮನೆಗಳನ್ನೇ ಹುಡುಕಿ ಬರುವ ಕಾಯಿಲೆಯಿದು. ಇಂಥ ರೋಗಿಗಳನ್ನು ನಮ್ಮ ಊರುಗಳಿಂದ ಬಹುಕಾಲ ಬೆಂಗಳೂರಿಗೇ ಒಯ್ಯಬೇಕಾಗಿತ್ತು. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ. ಕಟ್ಟಡ ಬಂದಿದೆ, ಯಂತ್ರ ಬಂದಿದೆ. ಆ ಯಂತ್ರದ ಮುಂದೆ ಕೂರುವವರು ನಮ್ಮ ಭಾಗದವರೇ ಆದರೆ, ಹೊಲದಿಂದ ನೇರ ಆಸ್ಪತ್ರೆಗೆ ಬಂದ ರೈತನೊಡನೆ ನಮ್ಮದೇ ಮಾತಿನಲ್ಲಿ ಧೈರ್ಯ ಹೇಳುವವರಿರುತ್ತಾರೆ.

ನಾಲ್ಕು ವರ್ಷ ಊರು ಬಿಟ್ಟು ಓದುವ ಮಗುವಿಗೆ ಊಟ, ವಸತಿಗಳ ಚಿಂತೆಯೇ ದೊಡ್ಡದು. ಪ್ರಸಾದ ನಿಲಯಗಳನ್ನು ಕಟ್ಟಿ ಲಕ್ಷಾಂತರ ಮಕ್ಕಳನ್ನು ಓದಿಸಿದ ಪರಂಪರೆ ನಮ್ಮದು. ನಗರದಲ್ಲಿ ನೆಲೆಸಿದ ನಮ್ಮವರು ಇಂಥ ಒಂದೊಂದು ಮಗುವಿಗೆ ಆಸರೆಯಾದರೆ ಅದೂ ದಾಸೋಹವೇ.

ಚಿನ್ನವನ್ನು ಅರಸಿ ಬಂದ ಬೀಡನ್ ಎಂಬ ಎಂಜಿನಿಯರರು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡರು. ಶ್ರೇಷ್ಠ ಸಾಧನೆ ದೊಡ್ಡವರಿಗೆ ಮಾತ್ರವೆಂದು ಭಾವಿಸಬಾರದು, ಧರ್ಮದಲ್ಲಿ ನಿಷ್ಠೆಯುಳ್ಳ ಸಾಮಾನ್ಯನೂ ಅದನ್ನು ಪಡೆಯಬಲ್ಲನೆಂಬುದು ಆ ಶಾಸನದ ಆಶಯ. ಬಂಡೆ ನಮ್ಮ ಊರಿನಲ್ಲಿಯೇ ಇದೆ. ಅದರ ಮಾತನ್ನು ನಮ್ಮ ಮಕ್ಕಳಿಗೆ ಸಕಾಲದಲ್ಲಿ ತಿಳಿಸುವುದು ಹಿರಿಯರಾದ ನಮ್ಮ ಹೊಣೆ. ಪಿ.ಯು.ಸಿ. ಓದುತ್ತಿರುವ ಮಗು ಮನೆಯಲ್ಲಿದ್ದರೆ, ಈ ಸಂಜೆಯೇ ಜೊತೆಗೆ ಕುಳಿತು ಮಾತನಾಡಿರಿ.